ಗಡಗಡ ರಾಯರ ಕಾರಿನ ಮೌನವ್ರತ

ಗಡಗಡ ರಾಯರಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಕಚೇರಿಯ ಹಾಜರಿ ಪುಸ್ತಕವನ್ನು ಬಿಟ್ಟರೆ ಅದು ಇನ್ನೆಲ್ಲೂ ಬಳಕೆಯಲ್ಲಿರಲಿಲ್ಲ. ಊರಿಗೆಲ್ಲ ಅವರು ಗಡಗಡ ರಾಯರೇ. ಈ ಬಿರುದನ್ನು ಸಂಪಾದಿಸಿದ್ದು ಮಾತ್ರ ಅವರಲ್ಲ, ಅವರ ಕಾರು.

ದುಂಡು ಮೂತಿಯ, ಕೆನೆಬಣ್ಣದ, ಎರಡು ದೀಪಗಳನ್ನು ಕಣ್ಣರಳಿಸಿದಂತೆ ಇಟ್ಟುಕೊಂಡ ಹಳೇ ಕಾಲದ ಕಾರು ಅದು. ಕಂಪನಿಯೇ ಮುಚ್ಚಿಹೋಗಿ ಯಾವ ಕಾಲವಾಯಿತೋ, ಕಾರಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಬಾನೆಟ್ಟು ಗಡಗಡ ಎನ್ನುತ್ತಿತ್ತು. ಡಿಕ್ಕಿಯ ಮುಚ್ಚಳ ದಡಬಡ ಎನ್ನುತ್ತಿತ್ತು. ಎಡಗಡೆಯ ಮುಂದಿನ ಬಾಗಿಲ ಚಿಲಕವಂತೂ ಹಲ್ಲು ಕಡಿಯುವವರ ಹಾಗೆ ಬಿಡದೆ ಕಟಕಟ ಎನ್ನುತ್ತಿತ್ತು. ಇಂಜಿನ್ ಬೆಚ್ಚಗಾಗುವವರೆಗೆ ರಾಯರು ದಿನಾ ಬೆಳಿಗ್ಗೆ ಅದನ್ನು ಗೇಟಿನಲ್ಲಿ, ಎದುರುಮನೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದರು. ಎದುರುಮನೆಯಲ್ಲಿ ಪಿಟೀಲು ಕಲಿಸುವ ಮೇಡಂ ಇದ್ದರು. ಅವರ ಸಂಕಟ ಅವರಿಗೇ ಗೊತ್ತು.

ಕಾರು ಮೂಲತಃ ರಾಯರ ಮಾವನವರದು. ಮಾವ ನಿವೃತ್ತ ಹೆಡ್‌ಮಾಸ್ಟರು. ಬೋರ್ಡಿನ ಕಡೆ ಮುಖ ಮಾಡಿ ಬರೆಯುತ್ತಲೇ, ಹಿಂದಿನ ಬೆಂಚಿನಲ್ಲಿ ಬಿಸ್ಕತ್ತು ತಿನ್ನುತ್ತಿರುವವನು ಯಾರು, ಅದು ಸಿಹಿಯೋ ಉಪ್ಪೋ ಎಂದು ಹೇಳಬಲ್ಲ ಕಿವಿ ಅವರದು. ಕಣ್ಣು ಮಂಜಾಗಿ ಕಾರು ಓಡಿಸುವುದನ್ನು ಬಿಟ್ಟಾಗ ಅವರು ಕಿರಿಯಳಿಯನ ಕೈಗೆ ಕೀಲಿ ಕೊಟ್ಟು ಒಂದೇ ಒಂದು ಷರತ್ತು ಹಾಕಿದ್ದರು.

"ಅಳಿಯಂದ್ರೆ, ಒಂದು ಸ್ಕ್ರೂ ಕೂಡ ಬದಲಾಯಿಸಕೂಡದು. ಬದಲಾಯಿಸಿದ್ದು ಗೊತ್ತಾದ ದಿನ ಕಾರು ದೊಡ್ಡಳಿಯನ ಮನೆಗೆ ಹೋಗುತ್ತೆ."

ದೊಡ್ಡಳಿಯ ಎಂದರೆ ರಾಯರ ಷಡ್ಡಕ. ಅವನಿಗೆ ದೊಡ್ಡ ಮನೆಯಿತ್ತು, ದೊಡ್ಡ ವ್ಯಾಪಾರವಿತ್ತು, ಅವೆರಡಕ್ಕಿಂತ ದೊಡ್ಡ ಬಾಯಿಯಿತ್ತು. ರಾಯರೋ, ಅಳತೆ ಮತ್ತು ತೂಕದ ಕಚೇರಿಯ ಗುಮಾಸ್ತರು. ಊರಿನ ತಕ್ಕಡಿಗಳಿಗೆಲ್ಲ ಇದು ಸರಿಯಾಗಿದೆ, ಮೋಸವಿಲ್ಲ ಎಂದು ಮುದ್ರೆ ಒತ್ತುವುದು ಅವರ ಕೆಲಸ. ಮಾವನ ಮನೆಯಲ್ಲಿ ಅವರಿಗಿದ್ದ ಮರ್ಯಾದೆಯೆಲ್ಲ ಆ ಕಾರಿನ ನಾಲ್ಕು ಚಕ್ರಗಳ ಮೇಲೆ ನಿಂತಿತ್ತು. ಮಾವ ಅಷ್ಟು ಪ್ರೀತಿಯ ವಸ್ತುವನ್ನು ನಂಬಿ ಕೊಟ್ಟಿದ್ದು ತನಗೆ ಎಂಬುದನ್ನು ನೆನೆದಾಗಲೆಲ್ಲ ರಾಯರ ಎದೆ ಒಂದು ಗೇಣು ಉಬ್ಬುತ್ತಿತ್ತು.

ಹೀಗಿರುವಾಗ ಒಂದು ಮದುವೆಗೆ ಷಡ್ಡಕನ ಹೊಸ ಕಾರಿನಲ್ಲಿ ಹೋಗಬೇಕಾಗಿ ಬಂತು. ಷಡ್ಡಕ ಎಲ್ಲೋ ಬೆರಳು ಮುಟ್ಟಿಸಿದ. ಸೀಟಿನಿಂದ, ಬಾಗಿಲಿನಿಂದ, ತಲೆಯ ಮೇಲಿನಿಂದ ಹಾಡು ಸುರಿಯಿತು.

"ಹೇಗಿದೆ? ನಿನ್ನ ಡಬ್ಬದಲ್ಲಿ ಹಾಡು ಕೇಳ್ಸುತ್ತೇನಯ್ಯಾ?" ಎಂದ ಷಡ್ಡಕ. "ಅಲ್ಲ, ಹಾಡೋರೇ ಬಂದು ಹಿಂದಿನ ಸೀಟಲ್ಲಿ ಕೂತು ಹಾಡಿದ್ರೂ, ನಿನಗೆ ಅವರ ಬಾಯಿ ಅಲ್ಲಾಡೋದು ಮಾತ್ರ ಕಾಣುತ್ತೆ, ಅಲ್ವಾ?"

ಹಿಂದಿನ ಸೀಟಿನಲ್ಲಿ ಅವನ ಹೆಂಡತಿ ನಕ್ಕಳು. ಅಕ್ಕ ನಕ್ಕಳೆಂದು ರಾಯರ ಹೆಂಡತಿಯೂ ನಕ್ಕಳು. ರಾಯರು ಅದನ್ನು ಮಾತ್ರ ಸಹಿಸಲಿಲ್ಲ.

ಮರುವಾರವೇ ಅವರು ಸೌಂಡ್ ಅಂಗಡಿಯವನ ಮುಂದೆ ನಿಂತಿದ್ದರು. "ನೋಡಪ್ಪಾ, ಕಿವಿಗೆ ಕೇಳಬೇಕು, ಕಣ್ಣಿಗೆ ಕಾಣಬಾರದು. ನಮ್ಮ ಮಾವ ಬಂದು ತಡವಿ ನೋಡಿದ್ರೂ ಗೊತ್ತಾಗಬಾರದು."

ಅಂಗಡಿಯವನಿಗೆ ಇದು ಪಂಥದ ಮಾತಾಗಿ ಕೇಳಿಸಿತು. ಸ್ಪೀಕರುಗಳನ್ನು ಬಾಗಿಲ ಹೊದಿಕೆಯ ಹಿಂದೆ ಅಡಗಿಸಿದ. ಹಾಡಿಗೆ ಶಕ್ತಿ ತುಂಬುವ ಪೆಟ್ಟಿಗೆಯನ್ನು ಸೀಟಿನ ಕೆಳಗೆ ತುರುಕಿದ. ಸತ್ತು ಕೂತಿದ್ದ ಹಳೇ ರೇಡಿಯೋವನ್ನು ಮುಟ್ಟದೆ, ಎಲ್ಲವನ್ನೂ ರಾಯರ ಮೊಬೈಲಿಗೆ ಗಂಟುಹಾಕಿದ. ಹಾಡು ಹಾಕಿ ಇಂಜಿನ್ ಚಾಲೂ ಮಾಡಿದಾಗ ಹಿಟ್ಟಿನ ಗಿರಣಿಯಲ್ಲಿ ಕೂತು ಸಂಗೀತ ಕಚೇರಿ ಕೇಳಿದ ಹಾಗಾಯಿತು.

"ಸಾರ್, ಮೊದಲು ಕಾರಿನ ಬಾಯಿ ಮುಚ್ಚಿಸಬೇಕು," ಎಂದ ಅಂಗಡಿಯವನು. ಮುಚ್ಚಿಸಿಯೂಬಿಟ್ಟ. ಬಾಗಿಲುಗಳ ಒಳಗೆ, ನೆಲದ ತಗಡಿನ ಮೇಲೆ, ಬಾನೆಟ್ಟಿನ ಒಳಮೈಗೆ, ಡಿಕ್ಕಿಯ ಮುಚ್ಚಳಕ್ಕೆ ದಪ್ಪನೆಯ ಕಪ್ಪು ಹಾಳೆ ಅಂಟಿಸಿದ. ಚಿಲಕಕ್ಕೆ ರಬ್ಬರು ತುಂಬಿದ. ನೆಲದ ಹಾಳೆಯ ಅಡಿಯಲ್ಲೇ ವೈರುಗಳನ್ನು ಹಾಯಿಸಿ, ಮೇಲೆ ಹಳೇ ಮ್ಯಾಟನ್ನೇ ಅಂಟು ಹಾಕಿ ಕೂರಿಸಿದ.

ಕಾರು ಬೆಣ್ಣೆಯ ಮೇಲೆ ಜಾರಿದ ಹಾಗೆ ಹೊರಟಿತು. ರಾಯರು ಹಾಡು ಕೇಳುತ್ತ, ಸ್ಟೀರಿಂಗಿನ ಮೇಲೆ ತಾಳ ಹಾಕುತ್ತ ಮನೆಗೆ ಬಂದರು.

ಅನಾಹುತ ಶುರುವಾದದ್ದು ಅಲ್ಲಿಂದ.

ಹಿಂದೆಲ್ಲ ಕಾರು ಬೀದಿಯ ಮೂಲೆಗೆ ಬರುವಾಗಲೇ ರಾಯರ ಹೆಂಡತಿ ಟೀಗೆ ನೀರಿಡುತ್ತಿದ್ದಳು. ರಾಯರು ಮೆಟ್ಟಿಲು ಹತ್ತುವ ಹೊತ್ತಿಗೆ ಲೋಟ ಹಿಡಿದು ನಿಂತು, "ಬಂದ್ರಾ? ಮೂಲೇಲೇ ಕೇಳಿಸ್ತು," ಎನ್ನುತ್ತಿದ್ದಳು. ಅವತ್ತು ರಾಯರು ಸದ್ದಿಲ್ಲದೆ ಒಳಗೆ ಬಂದರೆ, ಹೆಂಡತಿ ಅಕ್ಕನಿಗೆ ಫೋನಿನಲ್ಲಿ ಗಂಡನ ಗೊರಕೆಯನ್ನು ಅನುಕರಿಸಿ ಕೇಳಿಸುತ್ತಿದ್ದಳು. ಅನುಕರಣೆ ಬಹಳ ಚೆನ್ನಾಗಿತ್ತು. ಟೀ ಮಾತ್ರ ಇರಲಿಲ್ಲ.

"ಕಳ್ಳನ ಹಾಗೆ ಬಂದ್ರೆ ಟೀ ಎಲ್ಲಿಂದ ಬರುತ್ತೆ?" ಎಂದು ಅವಳೇ ಸಿಡುಕಿದಳು.

ಮರುದಿನ ಬೀದಿಯ ದಿನಸಿ ಅಂಗಡಿಯ ಬಾಗಿಲು ತೆರೆಯಲಿಲ್ಲ. ರಾಯರ ಕಾರು ಗಡಗಡ ಎಂದಾಗ ಎದ್ದು ಶಟರ್ ಎಳೆಯುವುದು ಅಂಗಡಿಯವನ ಅಭ್ಯಾಸ. ಗಡಗಡ ಕೇಳಲಿಲ್ಲವಾದ್ದರಿಂದ ಇನ್ನೂ ಬೆಳಗಾಗಿಲ್ಲವೆಂದು ಅವನು ಮಗ್ಗುಲು ಬದಲಾಯಿಸಿದ. ಕಚೇರಿಯಲ್ಲಿ ಇನ್ನೂ ದೊಡ್ಡ ಪ್ರಮಾದವಾಯಿತು. ಅಧಿಕಾರಿಗಳು ದಿನಾ ರಾಯರ ಬೆನ್ನಿಗೇ ಬರುವವರು. ದೂರದಲ್ಲಿ ರಾಯರ ಕಾರು ಕೇಳಿದ ತಕ್ಷಣ ಇಸ್ಪೀಟಿನ ಎಲೆಗಳು ಡ್ರಾಯರಿಗೂ, ಮೇಜಿನ ಮೇಲಿದ್ದ ಕಾಲುಗಳು ನೆಲಕ್ಕೂ ಇಳಿಯುತ್ತಿದ್ದವು. ಅವತ್ತು ಅಧಿಕಾರಿಗಳು ಒಳಗೆ ಬಂದಾಗ ಹೆಡ್ ಕ್ಲಾರ್ಕು ಕೈಯಲ್ಲಿ ಇಸ್ಪೀಟಿನ ರಾಣಿಯನ್ನು ಎತ್ತಿ ಹಿಡಿದು, "ಈಗೇನಂತೀರಿ?" ಎಂದು ಕೇಳುತ್ತಿದ್ದರು.

ಅಧಿಕಾರಿಗಳು ಏನಂದರು ಎಂಬುದನ್ನು ಇಲ್ಲಿ ಬರೆಯುವಂತಿಲ್ಲ. ಸಂಜೆ ಹೆಡ್ ಕ್ಲಾರ್ಕು ರಾಯರ ಭುಜ ಹಿಡಿದು, "ರೀ, ನಿಮ್ಮ ಕಾರಿಗೆ ಹುಷಾರಿಲ್ವಾ? ಯಾರಿಗಾದ್ರೂ ತೋರ್ಸಿ ಮಾರಾಯ್ರೇ," ಎಂದು ಕಣ್ಣೀರು ತಂದುಕೊಂಡರು.

ಸಂತೋಷಪಟ್ಟವರು ಪಿಟೀಲು ಮೇಡಂ ಒಬ್ಬರೇ. ಅವರು ರಸ್ತೆ ದಾಟಿ ಬಂದು ರಾಯರಿಗೆ ಎರಡೂ ಕೈ ಜೋಡಿಸಿ ಮುಗಿದರು. "ನನಗೆ ಮತ್ತೆ ಶ್ರುತಿ ಕೇಳ್ತಾ ಇದೆ," ಎಂದರು. ಹಾಗೆ ಕೈ ಮುಗಿಸಿಕೊಂಡದ್ದು ರಾಯರ ಜೀವನದಲ್ಲೇ ಮೊದಲು. ಒಂದು ನಮಸ್ಕಾರದ ಮುಂದೆ ಊರಿನ ಬೈಗುಳ ಯಾವ ಲೆಕ್ಕ ಎಂದುಕೊಂಡು ಅವರು ಮತ್ತಷ್ಟು ಜೋರಾಗಿ ಹಾಡು ಕೇಳಿದರು.

ಅಷ್ಟರಲ್ಲಿ ಮಾವನ ಕಣ್ಣಿನ ಆಪರೇಷನ್ ಆಯಿತು. ಆಸ್ಪತ್ರೆಯಿಂದ ಮನೆಗೆ ನನ್ನ ಕಾರಿನಲ್ಲೇ ಹೋಗಬೇಕು ಎಂದು ಮಾವ ಹಟ ಹಿಡಿದರು. ಕಪ್ಪು ಕನ್ನಡಕ ಹಾಕಿಕೊಂಡು, ಸೀಟನ್ನು ತಡವಿ, ರೇಡಿಯೋದ ಗುಂಡಿಯನ್ನು ಸವರಿ, ತೃಪ್ತಿಯಿಂದ ಒರಗಿದರು. ಕಾರು ಹೊರಟಿತು. ಮಾವ ಕತ್ತು ಒಂದು ಕಡೆ ವಾಲಿಸಿದರು. ಆಮೇಲೆ ಇನ್ನೊಂದು ಕಡೆ ವಾಲಿಸಿದರು.

"ನಿಲ್ಲಿಸಿ," ಎಂದರು. "ಇದು ಯಾರ ಕಾರು?"

"ನಿಮ್ಮದೇ ಮಾವ."

"ನನ್ನ ಎಡಗಿವಿ ಹತ್ರ ಚಿಲಕ ಎಲ್ಲಿ?"

"ಇದೆಯಲ್ಲ ಮಾವ, ಮುಟ್ಟಿ ನೋಡಿ."

"ಮುಟ್ಟೋದಕ್ಕೆ ಯಾರಿಗೆ ಬೇಕು? ಕಟಕಟ ಎಲ್ಲಿ? ಡಿಕ್ಕಿ ಎಲ್ಲಿ ಹೋಯ್ತು? ಅಳಿಯಂದ್ರೆ, ನೀವು ನನ್ನ ಕಾರು ಮಾರಿ, ಅದೇ ತರದ ಇನ್ನೊಂದು ತಂದು ಇಟ್ಟಿದ್ದೀರಿ. ಮುದುಕನಿಗೆ ಕಣ್ಣು ಕಾಣಲ್ಲ ಅಂತ!"

ನಿಜ ಹೇಳಿದರೆ ಷರತ್ತು ಮುರಿದ ಹಾಗೆ, ಕಾರು ಷಡ್ಡಕನ ಪಾಲು. ಹೇಳದಿದ್ದರೆ ಮೋಸಗಾರನ ಪಟ್ಟ. ರಾಯರು ಬಾಯಿ ತೆರೆದರು, ಮುಚ್ಚಿದರು. ಅದನ್ನು ಮಾವ ತಪ್ಪೊಪ್ಪಿಗೆ ಎಂದು ತಿಳಿದು, ಕಾರನ್ನು ಸೀದಾ ಪೊಲೀಸ್ ಠಾಣೆಗೆ ಬಿಡುವಂತೆ ಆಜ್ಞೆ ಮಾಡಿದರು. ಹೆಡ್‌ಮಾಸ್ಟರರ ಆಜ್ಞೆ. ರಾಯರು ಬಿಟ್ಟರು.

ಕಳುವಾದ ಕಾರಿನಲ್ಲೇ ಕುಳಿತು ಕಳುವಿನ ದೂರು ಕೊಡಲು ಬಂದವರನ್ನು ಆ ಠಾಣೆ ಅದುವರೆಗೆ ನೋಡಿರಲಿಲ್ಲ.

"ಯಾವ ಕಾರು ಕಳುವಾಗಿದೆ ಸ್ವಾಮಿ?" ಎಂದರು ಇನ್ಸ್‌ಪೆಕ್ಟರು.

"ನನ್ನದು."

"ಹೊರಗೆ ನಿಂತಿರೋದು?"

"ಅದು ನನ್ನದಲ್ಲ."

"ನಂಬರ್ ಪ್ಲೇಟು ನಿಮ್ಮದೇ ಅಲ್ವಾ?"

"ಪ್ಲೇಟು ಬಿಚ್ಚಿ ಹಾಕೋದು ಎಷ್ಟು ಹೊತ್ತಿನ ಕೆಲಸ? ನಿಮ್ಮ ಟೋಪಿ ನಾನು ಹಾಕ್ಕೊಂಡ್ರೆ ನಾನು ಇನ್ಸ್‌ಪೆಕ್ಟರಾ?"

ಇನ್ಸ್‌ಪೆಕ್ಟರು ತಮ್ಮ ಟೋಪಿಯನ್ನು ಮೇಜಿನ ಮೇಲಿಂದ ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡರು. "ಸರಿ, ಕಂಪನಿಯವರು ನೆಲದ ತಗಡಲ್ಲೇ ನಂಬರ್ ಕೊರೆದಿರ್ತಾರೆ. ಮ್ಯಾಟ್ ಎತ್ತಿ ತೋರ್ಸಿಬಿಡಿ, ಮುಗೀತು."

ರಾಯರ ಮುಖ ಬಿಳಿಚಿಕೊಂಡಿತು. ಮ್ಯಾಟ್ ಎತ್ತಿದರೆ ಹಾಳೆ ಬರುತ್ತದೆ, ಹಾಳೆಯ ಹಿಂದೆ ವೈರು ಬರುತ್ತದೆ, ವೈರಿನ ಹಿಂದೆ ಷಡ್ಡಕ ಬರುತ್ತಾನೆ.

"ಮ್ಯಾಟ್ ಎತ್ತೋಕಾಗಲ್ಲ ಸಾರ್."

"ಯಾಕೆ?"

"ಅಂಟಿಸಿದೆ."

"ಯಾಕೆ ಅಂಟಿಸಿದ್ರಿ?"

"ಓಡಿಹೋಗಬಾರದು ಅಂತ."

"ಯಾರು?"

"ಮ್ಯಾಟು."

ಅಲ್ಲಿಯವರೆಗೆ ನಗುತ್ತಿದ್ದ ಇನ್ಸ್‌ಪೆಕ್ಟರಿಗೆ ಈಗ ನಿಜವಾಗಿ ಅನುಮಾನ ಬಂತು. "ನಾಳೆ ಬೆಳಿಗ್ಗೆ ಮ್ಯಾಟ್ ಕಿತ್ತುಕೊಂಡು ಬನ್ನಿ. ಇಲ್ಲಾಂದ್ರೆ ನಾವೇ ಕೀಳ್ತೀವಿ," ಎಂದರು. ತಕ್ಕಡಿಗಳಿಗೆ ಅಸಲಿ ಎಂದು ಮುದ್ರೆ ಒತ್ತುವ ಮನುಷ್ಯನ ಸ್ವಂತ ಕಾರು ನಕಲಿಯಂತೆ ಎಂಬ ಸುದ್ದಿ ರಾಯರಿಗಿಂತ ಮೊದಲೇ ಬೀದಿಯನ್ನು ಮುಟ್ಟಿತ್ತು.

ಸಂಜೆಯೊಳಗೆ ಷಡ್ಡಕನೂ ಬಂದಿಳಿದ. ಮಾವನನ್ನು ಸಂತೈಸಿದ. ರಾಯರ ಹೆಂಡತಿಯನ್ನು ಸಂತೈಸಿದ. ಜೇಬಿನಿಂದ ಹೊಸ ಕೀಚೈನೊಂದನ್ನು ತೆಗೆದು ಬೆರಳಲ್ಲಿ ತಿರುಗಿಸುತ್ತ, "ಹಳೇ ಕಾರಿನ ಕೀಲಿಗೆ ಹೊಂದುತ್ತೆ ಅಂತ ದಾರೀಲಿ ತಗೊಂಡೆ," ಎಂದ. ಹೆಂಡತಿ ರಾಯರನ್ನು ಅಡುಗೆಮನೆಗೆ ಎಳೆದೊಯ್ದು, "ರೀ, ಭಾವನ ಮುಂದೆ ಮಾತ್ರ ಸೋಲಬೇಡಿ," ಎಂದು ಪಿಸುಗುಟ್ಟಿದಳು. ಮದುವೆಯ ದಿನ ತಾನು ನಕ್ಕದ್ದಕ್ಕೆ ಅವಳಿಗೆ ಈಗ ಬೇಸರವಾಗಿತ್ತು.

ರಾಯರು ಜಗಲಿಯಲ್ಲಿ ಕೂತು ತಲೆ ಕೆರೆದುಕೊಂಡರು. ಹಾಳೆಯನ್ನು ಕೀಳುವಂತಿಲ್ಲ. ಆದರೆ ಸದ್ದು ಬೇಕು. ಸದ್ದು ಎಲ್ಲಿಂದ ತರುವುದು? ಎದುರುಮನೆಯಿಂದ ಪಿಟೀಲು ತೇಲಿ ಬಂತು. ರಾಯರು ದಡಕ್ಕನೆ ಎದ್ದು ನಿಂತರು. ಮೇಡಂ ಹಿಂದೊಮ್ಮೆ ತಮ್ಮ ಗೇಟಿನ ಎರಡೂ ಕಂಬಕ್ಕೆ ಒಂದೊಂದು ಮೈಕು ಕಟ್ಟಿ, ಕಾರಿನ ಗಲಾಟೆಯನ್ನೆಲ್ಲ ಹಿಡಿದಿಟ್ಟು, ನಗರಸಭೆಗೆ ಕೊಡುತ್ತೇನೆ ಎಂದು ಬೆದರಿಸಿದ್ದು ಅವರಿಗೆ ನೆನಪಾಯಿತು.

"ಮೇಡಂ, ನನ್ನ ಕಾರಿನ ಸದ್ದು ನಿಮ್ಮ ಹತ್ರ ಇದೆಯಾ?"

ಮೇಡಂ ಕಮಾನು ಕೆಳಗಿಟ್ಟರು. "ನಿಮ್ಮ ಕಾಲು ಹಿಡಿದುಕೊಂಡು ಬೇಡಿದಾಗ ಸದ್ದು ನಿಲ್ಲಿಸಲಿಲ್ಲ. ಈಗ ನಿಂತಿದೆ. ನಿಂತ ಮೇಲೆ ನನ್ನ ಹತ್ರ ಬಂದು ಸದ್ದು ಕೊಡಿ ಅಂತೀರಾ?"

"ಬರೀ ನಾಳೆ ಒಂದು ದಿನಕ್ಕೆ ಮೇಡಂ. ನನ್ನ ಮಾನದ ಪ್ರಶ್ನೆ."

ಕಥೆಯನ್ನೆಲ್ಲ ಕೇಳಿ ಮೇಡಂ ಕರಗಿದರು. ಅದಕ್ಕಿಂತ ಹೆಚ್ಚಾಗಿ, ತಮ್ಮ ಧ್ವನಿಮುದ್ರಣವನ್ನು ಕೇಳುವವರೊಬ್ಬರು ಕೊನೆಗೂ ಸಿಕ್ಕರಲ್ಲ ಎಂಬ ಹೆಮ್ಮೆ ಅವರಿಗೆ. "ಬಹಳ ಸ್ವಚ್ಛವಾಗಿ ಬಂದಿದೆ. ಚಿಲಕ ಬೇರೆ, ಡಿಕ್ಕಿ ಬೇರೆ ಕೇಳುತ್ತೆ. ಆದ್ರೆ ಅಧಿಕಾರಿಗಳಿಗೆ ಅಂತ ಕೊನೆಯಲ್ಲಿ ನಾನು ಎರಡು ಮಾತು..." ಎನ್ನುವಷ್ಟರಲ್ಲಿ ಅದು ರಾಯರ ಮೊಬೈಲಿಗೆ ಬಂದು ಬಿತ್ತು. ರಾಯರು ಥ್ಯಾಂಕ್ಸ್ ಎನ್ನುತ್ತ ರಸ್ತೆ ದಾಟಿಯಾಗಿತ್ತು. ಕಾರಿನಲ್ಲಿ ಕೂತು ಒಂದಿಷ್ಟು ಹಾಕಿ ಕೇಳಿದರು. ಬಾಗಿಲಿನಿಂದ ಕಟಕಟ ಬಂತು, ಎಲ್ಲ ಸ್ಪೀಕರಿನಿಂದಲೂ ಗಡಗಡ ಬಂತು. ಯಾವ ಬಾಗಿಲಿನಿಂದ ಎಂದು ನೋಡುವಷ್ಟು ತಾಳ್ಮೆ ಅವರಿಗಿರಲಿಲ್ಲ. ಕಳೆದುಹೋದ ದನ ಕೊಟ್ಟಿಗೆಗೆ ಬಂದಷ್ಟು ಖುಷಿಯಾಯಿತು.

ಬೆಳಿಗ್ಗೆ ಠಾಣೆಯ ಅಂಗಳದಲ್ಲಿ ಬೀದಿಯ ಅರ್ಧಭಾಗ ಸೇರಿತ್ತು. ಹೆಡ್ ಕ್ಲಾರ್ಕು ರಜೆ ಹಾಕಿ ಬಂದಿದ್ದರು. ದಿನಸಿ ಅಂಗಡಿಯವನು ನಿದ್ದೆಗಣ್ಣಲ್ಲೇ ಬಂದಿದ್ದ. ತಮ್ಮ ಧ್ವನಿಮುದ್ರಣದ ಮೊದಲ ಕಾರ್ಯಕ್ರಮವನ್ನು ತಪ್ಪಿಸಿಕೊಳ್ಳಲಾಗದೆ ಮೇಡಂ ಕೂಡ ಕಾರಿನ ಪಕ್ಕ ನಿಂತಿದ್ದರು. ಷಡ್ಡಕ ಕೀಚೈನು ತಿರುಗಿಸುತ್ತಿದ್ದ. ಒಬ್ಬ ಪೇದೆ ಮ್ಯಾಟ್ ಕೀಳಲು ಕಬ್ಬಿಣದ ಪಟ್ಟಿ ಹಿಡಿದು ಬಂದ.

"ತಡೀರಿ!" ಎಂದು ರಾಯರು ಕೈ ಎತ್ತಿದರು. ಅಷ್ಟು ಜೋರು ಧ್ವನಿ ತಮ್ಮ ಗಂಟಲಲ್ಲಿದೆ ಎಂದು ಅವರಿಗೇ ಗೊತ್ತಿರಲಿಲ್ಲ. "ಸಾರ್, ನಂಬರನ್ನ ಯಾರು ಬೇಕಾದ್ರೂ ಕೊರೀಬಹುದು. ನಮ್ಮ ಮಾವನವರ ಕಿವಿಗೆ ಮೋಸ ಮಾಡೋನು ಇನ್ನೂ ಹುಟ್ಟಿಲ್ಲ. ಅವರೇ ಕೂತು ಕೇಳಲಿ, ಅವರೇ ಹೇಳಲಿ. ಅಲ್ಲ ಅಂದ್ರೆ ಕೀಲಿ ಇಲ್ಲೇ ಇಟ್ಟು ನಡ್ಕೊಂಡು ಹೋಗ್ತೀನಿ."

"ನಿನ್ನೆ ಕೇಳಿದ್ದೀನಲ್ಲ. ಮೂಕನ ಹಾಗಿತ್ತು," ಎಂದರು ಮಾವ.

"ನಿನ್ನೆ ಆಸ್ಪತ್ರೆ ಮುಂದೆ ಸದ್ದು ಮಾಡಬೇಡಿ ಅಂತ ಬೋರ್ಡ್ ಇತ್ತು ಮಾವ."

ಕಿವಿಯ ಹೊಗಳಿಕೆಯಿಂದ ಮೆತ್ತಗಾಗಿದ್ದ ಮಾವ ಮುಂದಿನ ಸೀಟಿನಲ್ಲಿ ಕೂತರು. ರಾಯರು ಕೀಲಿ ತಿರುಗಿಸಿ, ಜೇಬಿನೊಳಗೆ ಬೆರಳಾಡಿಸಿದರು.

ಗಡಗಡ ಎದ್ದಿತು! ಅದರ ಬೆನ್ನಿಗೆ ದಡಬಡ, ಅದರ ಬೆನ್ನಿಗೆ ಕಟಕಟ. ರಾಯರು ಧಾರಾಳವಾಗಿ ಧ್ವನಿಯನ್ನು ತುದಿಗೇರಿಸಿದ್ದರು. ಠಾಣೆಯ ಕಿಟಕಿಗಳು ನಡುಗಿದವು. ಲಾಕಪ್ಪಿನಲ್ಲಿದ್ದವನು ಎದ್ದು ನಿಂತು ಸಲಾಮು ಹೊಡೆದ. ಹೆಡ್ ಕ್ಲಾರ್ಕು ಅಭ್ಯಾಸಬಲದಿಂದ ಕೈಯಲ್ಲಿದ್ದುದನ್ನು ಜೇಬಿಗೆ ತುರುಕಿಕೊಂಡರು. ಮಾವನ ಮುಖದ ಗಂಟು ಒಂದೊಂದಾಗಿ ಬಿಚ್ಚಿಕೊಂಡಿತು.

"ಸಾಕು, ಸಾಕು, ಆಫ್ ಮಾಡ್ರೀ!" ಎಂದು ಇನ್ಸ್‌ಪೆಕ್ಟರು ಕಿವಿ ಮುಚ್ಚಿಕೊಂಡು ಕೂಗಿದರು.

ರಾಯರು ಕೀಲಿ ತಿರುಗಿಸಿದರು. ಇಂಜಿನ್ ನಿಂತಿತು. ಗಡಗಡ ನಿಲ್ಲಲಿಲ್ಲ.

ರಾಯರು ಕೀಲಿಯನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡರು. ಕಾರು ನಿಶ್ಚಿಂತೆಯಿಂದ ಗಡಗಡಿಸುತ್ತಲೇ ಇತ್ತು. ಷಡ್ಡಕ ಕೀಚೈನು ತಿರುಗಿಸುವುದನ್ನು ನಿಲ್ಲಿಸಿ ಬಾಗಿ ನೋಡಿದ. ಜೇಬಿನಲ್ಲಿ ರಾಯರ ಬೆವರಿದ ಬೆರಳು ಮೊಬೈಲಿನ ಮೇಲೆ ಜಾರಿತು, ಮತ್ತೆ ಜಾರಿತು. ಕೊನೆಗೊಮ್ಮೆ ಸದ್ದು ತಾನಾಗಿ ನಿಂತಿತು. ರಾಯರು ಉಸಿರು ಬಿಡುವಷ್ಟರಲ್ಲಿ ಒಂದು ಹೆಂಗಸಿನ ಧ್ವನಿ ಠಾಣೆಯ ಅಂಗಳವನ್ನೆಲ್ಲ ತುಂಬಿತು.

"ಕೇಳಿಸ್ತಲ್ಲಾ ಅಧಿಕಾರಿಗಳೇ? ಇದು ಕಾರಲ್ಲ! ಪಾತ್ರೆ ಅಂಗಡೀನೂ ಹಿಟ್ಟಿನ ಗಿರಣೀನೂ ಒಟ್ಟಿಗೆ ಬೆಟ್ಟದಿಂದ ಉರುಳ್ತಾ ಇರೋದು! ಇದರ ಯಜಮಾನನಿಗಂತೂ ಕಿವಿ ಇಲ್ಲ. ನಿಮಗಾದ್ರೂ ಇದೆಯೋ, ಅದೂ ಇಲ್ವೋ?"

ಇನ್ಸ್‌ಪೆಕ್ಟರು ಗರಕ್ಕನೆ ತಿರುಗಿದರು. ಕಾರಿನ ಪಕ್ಕದಲ್ಲಿ ಪಿಟೀಲು ಮೇಡಂ ನಿಂತಿದ್ದರು. ಎಷ್ಟಾದರೂ ವೇದಿಕೆ ಕಂಡವರು. ಒಂದೇ ಕ್ಷಣ ತಬ್ಬಿಬ್ಬಾದರು, ಮರುಕ್ಷಣ ಸೊಂಟಕ್ಕೆ ಕೈಯಿಟ್ಟು, ಇನ್ಸ್‌ಪೆಕ್ಟರರತ್ತ ಬೆರಳು ಆಡಿಸುತ್ತ, ತಮ್ಮದೇ ಧ್ವನಿಗೆ ಸರಿಯಾಗಿ ಬಾಯಿ ಅಲ್ಲಾಡಿಸತೊಡಗಿದರು.

"ತೆರಿಗೆ ಮಾತ್ರ ತಗೊಳ್ಳೋಕೆ ಬರುತ್ತೆ ನಿಮಗೆ! ನಾಚಿಕೆ ಆಗಲ್ವಾ?" ಎಂದು ಕಾರು ಕೇಳಿತು. ಮೇಡಂ ಬಾಯಿ ಅಲ್ಲಾಡಿಸಿದರು.

"ಸಮಾಧಾನ ಮಾಡ್ಕೊಳ್ಳಿ ಮೇಡಂ, ಸಮಾಧಾನ," ಎಂದು ಇನ್ಸ್‌ಪೆಕ್ಟರು ಎರಡು ಹೆಜ್ಜೆ ಹಿಂದೆ ಸರಿದರು. ಧ್ವನಿ ನಿಂತಿತು. ಮೇಡಂ ಸೆರಗಿನಿಂದ ಮುಖ ಒರೆಸಿಕೊಂಡರು.

"ಏನೋ ಮೋಸ ಇದೆ!" ಎಂದು ಷಡ್ಡಕ ಮುಂದೆ ಬಂದ. "ಕೀಲಿ ತೆಗೆದ ಮೇಲೂ ಸದ್ದು ಹೇಗೆ ಬರುತ್ತೆ?"

ಎಲ್ಲರ ಕಣ್ಣೂ ಮಾವನ ಮೇಲೆ ಬಿತ್ತು. ಮಾವ ನಿಧಾನವಾಗಿ ಕಾರಿನಿಂದ ಇಳಿದು, ಕೋಲೂರಿ ನೆಟ್ಟಗೆ ನಿಂತರು. ರಾಯರು ಕಣ್ಣು ಮುಚ್ಚಿಕೊಂಡರು.

"ನಿಮಗೆ ಹಳೇ ಕಾರಿನ ಬಗ್ಗೆ ಏನು ಗೊತ್ತು ಅಳಿಯಂದ್ರೆ?" ಎಂದು ಮಾವ ದೊಡ್ಡಳಿಯನನ್ನು ಕೇಳಿದರು. "ಕೀಲಿ ತೆಗೆದ ಮೇಲೂ ನನ್ನ ಕಾರು ಸ್ವಲ್ಪ ಹೊತ್ತು ಗೊಣಗುತ್ತೆ. ಅದರ ಸ್ವಭಾವ ಅದು. ಇನ್ನು ಆ ಬೈಗುಳ. ನಾನು ಓಡಿಸ್ತಿದ್ದ ಕಾಲದಲ್ಲೂ ಈ ಕಾರು ನಿಂತ ಕಡೆಯೆಲ್ಲ ಯಾರಾದ್ರೂ ಒಬ್ಬರು ಬಂದು ಬೈದೇ ಹೋಗ್ತಿದ್ರು. ಇನ್ಸ್‌ಪೆಕ್ಟರೇ, ಇದು ನನ್ನದೇ ಕಾರು. ಎಲ್ಲ ಸರಿಯಾಗಿದೆ."

"ಹಾಗಾದ್ರೆ ದೂರು ವಾಪಸ್ ತಗೊಳ್ಳಿ, ಕಾರೂ ತಗೊಂಡು ಹೋಗಿ," ಎಂದರು ಇನ್ಸ್‌ಪೆಕ್ಟರು. ಮೇಡಂ ಕಡೆ ನೋಡದೆ, "ಇವರನ್ನೂ ಮರೀದೆ ಕರ್ಕೊಂಡು ಹೋಗಿ," ಎಂದು ಸೇರಿಸಿದರು.

ದಿನಸಿ ಅಂಗಡಿಯವನು ಚಪ್ಪಾಳೆ ತಟ್ಟಿದ. ಹೆಡ್ ಕ್ಲಾರ್ಕು ರಾಯರನ್ನು ತಬ್ಬಿಕೊಂಡರು. ಷಡ್ಡಕ ಕೀಚೈನನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಕೊನೆಗೆ ತನ್ನ ಪ್ಯಾಂಟಿನ ಜೇಬಿಗೇ ಹಾಕಿಕೊಂಡ.

ಮನೆಯ ದಾರಿಯಲ್ಲಿ ಮಾವ ಮುಂದೆ ಕೂತಿದ್ದರು, ಮೇಡಂ ಹಿಂದೆ. ಕಾರು ಮತ್ತೆ ಬೆಣ್ಣೆಯ ಹಾಗೆ ಜಾರುತ್ತಿತ್ತು. ಆದರೆ ಗೆದ್ದ ಖುಷಿಯಲ್ಲಿದ್ದ ರಾಯರಿಗೆ ಅದು ಹೊಳೆಯಲೇ ಇಲ್ಲ.

"ಚಿಲಕ ಬಲಗಡೆಯಿಂದ ಕೇಳಿಸ್ತು," ಎಂದರು ಮಾವ, ಸುಮ್ಮನೆ ಮಾತಿಗೆಂಬಂತೆ.

ರಾಯರು ಕಾರಿನ ವೇಗ ತಗ್ಗಿಸಿದರು.

"ನನ್ನ ಕಾರಲ್ಲಿ ಅದು ಎಡಗಡೆ. ಸದ್ದನ್ನ ಎದುರಿಗೆ ನಿಂತು ಹಿಡಿದದ್ದು, ಅದಕ್ಕೇ ಎಡ ಬಲ ತಿರುಗಿದೆ. ಹಿಡಿದೋರು ಹಿಂದೆ ಕೂತಿದ್ದಾರೆ, ಅಲ್ವಾ ಅಮ್ಮ?"

ಹಿಂದಿನಿಂದ ಮೇಡಂ ಸಣ್ಣಗೆ ಕೆಮ್ಮಿದರು.

"ತಪ್ಪಾಯ್ತು ಮಾವ," ಎಂದರು ರಾಯರು. "ಒಂದು ಹಾಡು ಕೇಳೋ ಆಸೆ. ಕೀಲಿ ತಗೊಳ್ಳಿ."

"ಓಡಿಸ್ತಾ ಇರೋ ಕಾರಿನ ಕೀಲಿ ಯಾರಾದ್ರೂ ಕೊಡ್ತಾರೇನ್ರೀ?" ಎಂದು ಮಾವ ಗದರಿದರು. ಆಮೇಲೆ ಕಪ್ಪು ಕನ್ನಡಕ ಸರಿಮಾಡಿಕೊಂಡು ಹೇಳಿದರು. "ನಿಮ್ಮ ಷಡ್ಡಕ ಆಗಿದ್ರೆ, ಮುದುಕನ ಕಿವಿ ಹೋಗಿದೆ ಅಂತ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದ್ದ. ನೀವು ಬೀದಿಯೆಲ್ಲ ಅಲೆದು ಹಳೇ ಸದ್ದನ್ನ ಹುಡುಕಿ ತಂದ್ರಿ. ಕಾರು ನಿಮ್ಮ ಹತ್ರವೇ ಇರ್ಲಿ. ಎಡ ಬಲ ಮಾತ್ರ ಸರಿ ಮಾಡ್ಸಿ."

ರಾಯರು ತೋಳಿನಿಂದ ಕಣ್ಣೊರೆಸಿಕೊಂಡರು. ಅವತ್ತು ಅವರಷ್ಟು ಸುಖಿ ಆ ರಸ್ತೆಯಲ್ಲಿ ಯಾರೂ ಇರಲಿಲ್ಲ. "ಒಂದು ಹಾಡು ಹಾಕ್ಲಾ ಮಾವ?"

"ಹಾಡು ಆಮೇಲೆ. ಮೂಲೆ ಬಂತು, ಮೊದಲು ಅದನ್ನ ಹಾಕಿ."

"ಬೈಗುಳ ಬರೋ ಮುಂಚೆ ನಿಲ್ಲಿಸಿ," ಎಂದರು ಹಿಂದಿನಿಂದ ಮೇಡಂ.

ಬೀದಿಯ ಮೂಲೆಯಲ್ಲಿ ಗಡಗಡ ಎದ್ದಿತು. ದಿನಸಿ ಅಂಗಡಿಯವನ ಹೆಂಡತಿ ಬೆಚ್ಚಿ ಎದ್ದು ಶಟರ್ ಎಳೆದಳು. ರಾಯರು ಗೇಟಿನಲ್ಲಿ ಕಾರು ನಿಲ್ಲಿಸಿ, ಮಾವನ ಕೈ ಹಿಡಿದು ಇಳಿಸಿ, ಮೆಟ್ಟಿಲು ಹತ್ತುವ ಹೊತ್ತಿಗೆ ಹೆಂಡತಿ ಹಬೆಯಾಡುವ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಬಂದ್ರಾ?" ಎಂದಳು. "ಮೂಲೇಲೇ ಕೇಳಿಸ್ತು."